ಅಂಕಿಗಳ ಕಣಜ

ಮೈಸೂರು ಜಿಲ್ಲೆಯ ಮಿರ್ಲೆಯು ಕೃಷ್ಣರಾಜನಗರದ ಸೀಮೆಗೆ ಸೇರಿದ ಊರು. ಕಾವೇರಿಯ ನಾಲೆಗಳಿಂದ ನೀರುಣ್ಣುವ ಗದ್ದೆಗಳ ಕಾರಣದಿಂದ ಈ ಸೀಮೆಗೆ ‘ಭತ್ತದ ಕಣಜ’ ಎಂಬ ಹೆಸರು ಬಂದಿದೆ. ಸುಗ್ಗಿಯಲ್ಲಿ ರೈತನು ಬೆಳೆಯನ್ನು ಕೊಯ್ದು, ಕಣದಲ್ಲಿ ಒಕ್ಕಿ, ಗಾಳಿಗೆ ತೂರಿ, ಜೊಳ್ಳನ್ನು ಬೇರ್ಪಡಿಸಿ, ಗಟ್ಟಿಕಾಳನ್ನು ಮಾತ್ರ ಕೂಡಿಡುವುದು ಹಿಂದಿನಿಂದ ಬಂದ ಪದ್ಧತಿ. ಇಂದು ಧಾನ್ಯವನ್ನು ಕೂಡಿಡುವಂತೆಯೇ ಅಂಕಿಗಳನ್ನು ಕೂಡಿಡುವ ಕಣಜಗಳೂ ಹುಟ್ಟಿಕೊಂಡಿವೆ. ಅವುಗಳಿಗೆ ‘ದತ್ತಾಂಶ ಕಣಜ’ ಎನ್ನಬಹುದು.

ಈ ಅಂಕಿಗಳು ಎಲ್ಲಿಂದ ಬರುತ್ತವೆ? ಮಿರ್ಲೆಯ ವಿದ್ಯಾರ್ಥಿನಿಯೊಬ್ಬಳು ಕಾವೇರಿ ನದಿಯನ್ನು ಕುರಿತು ತಿಳಿಯಲು ಕನ್ನಡ ವಿಕಿಪೀಡಿಯದ ಪುಟವೊಂದನ್ನು ತೆರೆದಳೆಂದು ಭಾವಿಸೋಣ. 2003ರಲ್ಲಿ ಆರಂಭವಾದ ಈ ವಿಶ್ವಕೋಶವನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಓದಬಹುದು. ಅವಳ ಕೋರಿಕೆಯು ‘ಸರ್ವರ್’ ಎಂಬ ದೂರದ ಗಣಕಯಂತ್ರವನ್ನು ಕ್ಷಣಾರ್ಧದಲ್ಲಿ ತಲುಪುತ್ತದೆ. ಆ ಯಂತ್ರವು ಪುಟವನ್ನು ಕಳುಹಿಸುವುದರ ಜೊತೆಗೆ ತನ್ನ ದಿನಚರಿಯಲ್ಲಿ ಒಂದು ಸಾಲನ್ನು ಬರೆದುಕೊಳ್ಳುತ್ತದೆ. ಕೋರಿಕೆ ಬಂದ ವೇಳೆ, ಪುಟದ ಹೆಸರು, ಸಂಪರ್ಕದ ಸಂಖ್ಯೆ, ಉಪಕರಣದ ಬಗೆ ಇವೆಲ್ಲವೂ ಆ ಸಾಲಿನಲ್ಲಿರುತ್ತವೆ. ಪುಟ ದೊರೆತರೆ 200, ಅಂತಹ ಪುಟವೇ ಇಲ್ಲದಿದ್ದರೆ 404 ಎಂಬ ಸಂಕೇತವೂ ಸೇರುತ್ತದೆ.

ದೊಡ್ಡ ಜಾಲತಾಣದಲ್ಲಿ ಇಂತಹ ಸಾಲುಗಳು ದಿನಕ್ಕೆ ಕೋಟಿಗಟ್ಟಲೆ ಬೆಳೆಯುತ್ತವೆ. ಅವನ್ನು ಒಂದೊಂದಾಗಿ ಓದುವುದು ಮನುಷ್ಯನಿಂದಾಗದ ಕೆಲಸ. ದತ್ತಾಂಶ ಕಣಜವು ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಅನುಸರಿಸುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ವ್ಯಾಪಾರವೂ ಒಂದು ಅಡ್ಡಸಾಲು. ಕಣಜವಾದರೋ ಅಡ್ಡಸಾಲುಗಳನ್ನು ಬಿಡಿಸಿ, ವೇಳೆಗಳನ್ನೆಲ್ಲ ಒಂದು ಕಡೆ, ಪುಟಗಳ ಹೆಸರುಗಳನ್ನೆಲ್ಲ ಇನ್ನೊಂದು ಕಡೆ, ಹೀಗೆ ಕಂಬಸಾಲುಗಳಾಗಿ ಜೋಡಿಸಿಡುತ್ತದೆ. ‘ಯಾವ ಪುಟವನ್ನು ಎಷ್ಟು ಸಲ ತೆರೆಯಲಾಯಿತು?’ ಎಂದು ಕೇಳಿದಾಗ ಪುಟಗಳ ಕಂಬಸಾಲನ್ನಷ್ಟೇ ಓದಿದರೆ ಸಾಕು, ಉಳಿದುದನ್ನು ಮುಟ್ಟಬೇಕಾಗಿಲ್ಲ. ಅದರ ಜೊತೆಗೆ ನೂರಾರು ಗಣಕಯಂತ್ರಗಳು ಕೆಲಸವನ್ನು ಹಂಚಿಕೊಳ್ಳುವುದರಿಂದ ಉತ್ತರವು ಕೆಲವೇ ಕ್ಷಣಗಳಲ್ಲಿ ದೊರೆಯುತ್ತದೆ.

ಇಷ್ಟು ಯಂತ್ರಗಳನ್ನು ಕೊಂಡಿಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ದೊಡ್ಡ ಸಂಸ್ಥೆಗಳು ತಮ್ಮ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ಬಳಸಿದಷ್ಟಕ್ಕೆ ಹಣ ತೆತ್ತರಾಯಿತು. ಈ ಏರ್ಪಾಟನ್ನು ‘ಕ್ಲೌಡ್’, ಎಂದರೆ ಮೋಡ, ಎಂದು ಕರೆಯುವರು. ಗೂಗಲ್ ಸಂಸ್ಥೆಯು 2010ರಲ್ಲಿ ಬಿಗ್‌ಕ್ವೆರಿಯನ್ನೂ, ಅಮೆಜಾನ್ ಸಂಸ್ಥೆಯು 2012ರಲ್ಲಿ ರೆಡ್‌ಶಿಫ್ಟನ್ನೂ ಪ್ರಕಟಿಸಿದವು. ಇವು ಇಂತಹ ಬಾಡಿಗೆಯ ಕಣಜಗಳು.

ಕಣಜ ಎಷ್ಟೇ ದೊಡ್ಡದಿರಲಿ, ತೂರದೆ ತುಂಬಿದರೆ ಅದರಲ್ಲಿ ಜೊಳ್ಳೂ ಸೇರುತ್ತದೆ. ಜಾಲತಾಣಗಳಿಗೆ ಮನುಷ್ಯರಲ್ಲದೆ ಸ್ವಯಂಚಾಲಿತ ತಂತ್ರಾಂಶಗಳೂ ಭೇಟಿ ಕೊಡುತ್ತವೆ. ಅವು ಪುಟ ತೆರೆದುದನ್ನು ಓದುಗರ ಆಸಕ್ತಿ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇದಕ್ಕಾಗಿಯೇ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ ಪ್ರತಿಷ್ಠಾನವು ಮನುಷ್ಯರ ಓದನ್ನೂ ಯಂತ್ರಗಳ ಭೇಟಿಯನ್ನೂ ಪ್ರತ್ಯೇಕಿಸಿ ಎಣಿಸುತ್ತದೆ. 2015ರಿಂದೀಚಿನ ಈ ಎಣಿಕೆಗಳನ್ನು ಯಾರು ಬೇಕಾದರೂ ನೋಡಬಹುದು. ಆದರೆ ಯಾವ ವ್ಯಕ್ತಿ ಏನನ್ನು ಓದಿದನೆಂಬುದು ಅವುಗಳಲ್ಲಿ ಕಾಣುವುದಿಲ್ಲ. ಎಣಿಕೆ ಲೋಕದ ಸೊತ್ತು, ಓದು ಓದುಗನ ಸ್ವಂತದ್ದು ಎಂಬ ವಿವೇಕ ಇದರಲ್ಲಿದೆ.

ಈ ಎಣಿಕೆಯಿಂದ ಉಪಯೋಗವೇನು? ಜನರು ಯಾವ ವಿಷಯವನ್ನು ಹೆಚ್ಚಾಗಿ ಅರಸುತ್ತಾರೆ, ಯಾವ ದಿನಗಳಲ್ಲಿ ಅರಸುತ್ತಾರೆ ಎಂಬುದು ಅದರಿಂದ ತಿಳಿಯುತ್ತದೆ. ಬಹುಜನ ಓದುವ ಪುಟವು ಬಡವಾಗಿದ್ದರೆ ಲೇಖಕರು ಅದನ್ನು ಬೆಳೆಸಬಹುದು. ಜನರು ಮತ್ತೆ ಮತ್ತೆ ಕೇಳಿದರೂ ಇಲ್ಲದ ಪುಟವನ್ನು ಹೊಸದಾಗಿ ಬರೆಯಬಹುದು.

ಆದರೂ ಒಂದು ಎಚ್ಚರ ಅಗತ್ಯ. ಶಾಲೆಯೊಂದರ 30 ಮಕ್ಕಳು ಒಂದೇ ಸಂಪರ್ಕದಿಂದ ಪುಟಗಳನ್ನು ತೆರೆದರೆ, ಸಂಪರ್ಕದ ಸಂಖ್ಯೆಯನ್ನಷ್ಟೇ ನೋಡುವ ಎಣಿಕೆಗೆ ಅವರೆಲ್ಲರೂ ಒಬ್ಬರಾಗಿ ಕಾಣಬಹುದು. ಹಳ್ಳಿಯ ಸಂಪರ್ಕವು ದೂರದ ನಗರದ ಹೆಸರಿನಲ್ಲಿ ದಾಖಲಾಗಿದ್ದರೆ, ಮಿರ್ಲೆಯ ಓದು ಬೆಂಗಳೂರಿನ ಲೆಕ್ಕಕ್ಕೆ ಸೇರಬಹುದು. ಸಂಪರ್ಕವೇ ಇಲ್ಲದ ಮನೆಯ ಮಗುವಿನ ಪ್ರಶ್ನೆಯಂತೂ ಯಾವ ಸಾಲಿನಲ್ಲಿಯೂ ಮೂಡುವುದಿಲ್ಲ. ಅಂಕಿಗಳನ್ನಷ್ಟೇ ನಂಬಿ ‘ಅಲ್ಲಿ ಓದುವವರಿಲ್ಲ’ ಎಂದು ತೀರ್ಮಾನಿಸಿದರೆ ಅನ್ಯಾಯವಾಗುವುದು ಅಂತಹ ಮಗುವಿಗೇ.

ಕಣಜವು ತನ್ನೊಳಗೆ ಬಂದ ಕಾಳನ್ನು ಮಾತ್ರ ಬಲ್ಲದು. ಹೊಲದಲ್ಲಿ ಉಳಿದುಹೋದ ತೆನೆಯನ್ನು ಅರಿಯದು. ಒಳಗಿರುವುದನ್ನು ಎಣಿಸಲು ಯಂತ್ರ ಸಾಕು. ಹೊರಗುಳಿದುದನ್ನು ನೆನೆಯಲು ಮನುಷ್ಯನೇ ಬೇಕು.