ಸರ್ಕಾರಿ ನೌಕರರು ಮತ್ತು ಸಾಮೂಹಿಕ ಚೌಕಾಶಿಯ ಹಕ್ಕು

ನಮ್ಮ ಆರ್.ಎಚ್. ಕ್ಯಾಂಪಿನಿಂದ ಸಿಂಧನೂರಿಗೆ ಹೋಗಿ ಬರುವ ಬಡವರಿಗೆ ಸರ್ಕಾರಿ ಬಸ್ಸೇ ದೊಡ್ಡ ಆಧಾರ. 2021ನೆಯ ಏಪ್ರಿಲ್ 7ರಂದು ರಾಜ್ಯದ ನಾಲ್ಕು ರಸ್ತೆ ಸಾರಿಗೆ ನಿಗಮಗಳ ನೌಕರರು ಮುಷ್ಕರ ಹೂಡಿದಾಗ ಆ ಆಧಾರ ಎರಡು ವಾರಗಳ ಕಾಲ ತಪ್ಪಿಹೋಯಿತು. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ಟಂಟಂಗಳಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಒಂದು ಸಂಜೆ ಕೂಲಿ ಮುಗಿಸಿ ತಡವಾಗಿ ಮನೆಗೆ ಬಂದ ನಮ್ಮ ತಂದೆಯವರು, "ತಿಂಗಳು ತಿಂಗಳು ಸಂಬಳ ಬರುವವರೇ ಕೆಲಸ ನಿಲ್ಲಿಸಿ ಕುಳಿತರೆ, ದಿನಗೂಲಿಯವರು ಯಾರನ್ನು ಕೇಳಬೇಕು?" ಎಂದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಬಿ.ಎ. ತರಗತಿಯಲ್ಲಿ ರಾಜ್ಯಶಾಸ್ತ್ರವನ್ನು ಓದತೊಡಗಿದ ಮೇಲೆ, ಆ ಮಾತು ಪ್ರಪಂಚದ ಅನೇಕ ದೇಶಗಳಲ್ಲಿ ನಡೆದಿರುವ ಒಂದು ದೊಡ್ಡ ರಾಜಕೀಯ ಚರ್ಚೆಯ ತಿರುಳೆಂದು ತಿಳಿಯಿತು. ಆ ಚರ್ಚೆಯನ್ನು ನನ್ನ ಶಕ್ತಿಗೆ ನಿಲುಕಿದಷ್ಟು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲನೆಯದಾಗಿ, ಸಾಮೂಹಿಕ ಚೌಕಾಶಿ ಎಂದರೇನು? ಹೆಸರು ಪುಸ್ತಕದ್ದಾದರೂ ವಸ್ತು ನಮಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ನಮ್ಮ ಕಡೆ ಭತ್ತದ ನಾಟಿ ಆರಂಭವಾಗುತ್ತದೆ. ನಾಟಿಯ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಕೂಲಿ ಕೇಳುವುದಿಲ್ಲ. ಗುಂಪು ಕಟ್ಟಿಕೊಂಡು, ಎಕರೆಗೆ ಇಷ್ಟು ಎಂದು ಹೊಲದ ಯಜಮಾನನೊಡನೆ ಗುತ್ತಿಗೆ ಮಾತಾಡಿ, ಒಪ್ಪಿಗೆಯಾದ ಮೇಲೆಯೇ ಕೆಸರಿಗೆ ಇಳಿಯುತ್ತಾರೆ. ನಮ್ಮ ತಾಯಿಯವರೂ ಅಂಥ ಗುಂಪಿನಲ್ಲಿ ಒಬ್ಬರು. ಒಬ್ಬಳೇ ಕೇಳಿದರೆ ಯಜಮಾನ ಬೇರೊಬ್ಬಳನ್ನು ಕರೆದಾನು. ಹತ್ತು ಜನ ಒಟ್ಟಾಗಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಇದೇ ಸಾಮೂಹಿಕ ಚೌಕಾಶಿ. ಇದು ಅರ್ಜಿಯಲ್ಲ. ಅರ್ಜಿಯನ್ನು ಓದುವುದೂ ಬಿಡುವುದೂ ಮೇಲಿನವರ ಇಚ್ಛೆ. ಚೌಕಾಶಿಯಲ್ಲಾದರೋ ಎರಡು ಪಕ್ಷಗಳೂ ಕುಳಿತು ಮಾತಾಡಲೇಬೇಕು. ಹಾಗೆಯೇ ಇದು ಮುಷ್ಕರವೂ ಅಲ್ಲ. ಮುಷ್ಕರವು ಮಾತು ಮುರಿದಾಗ ಹಿಡಿಯುವ ಕೊನೆಯ ಆಯುಧ ಮಾತ್ರ.

ಯಜಮಾನನು ಖಾಸಗಿಯವನಾದರೆ ಈ ಹಕ್ಕಿನ ಬಗ್ಗೆ ಹೆಚ್ಚಿನ ವಿವಾದವಿಲ್ಲ. ಯಜಮಾನನು ಸರ್ಕಾರವೇ ಆದಾಗ ತೊಡಕು ಹುಟ್ಟುತ್ತದೆ. ವಿರೋಧಿಸುವವರ ವಾದ ಹೀಗಿದೆ: ಸರ್ಕಾರದ ಹಣ ಪ್ರಜೆಗಳ ತೆರಿಗೆಯ ಹಣ, ಅದರ ವೆಚ್ಚವನ್ನು ನಿರ್ಧರಿಸಬೇಕಾದವರು ಶಾಸನಸಭೆಯ ಸದಸ್ಯರೇ ಹೊರತು ಸಂಘದ ಮುಖಂಡರಲ್ಲ. ಒಂದು ಕಾರ್ಖಾನೆ ನಿಂತರೆ ಗಿರಾಕಿ ಬೇರೆಡೆಗೆ ಹೋದಾನು; ಆಸ್ಪತ್ರೆ, ನೀರು, ಬಸ್ಸು ನಿಂತರೆ ಪ್ರಜೆ ಎಲ್ಲಿಗೆ ಹೋಗಬೇಕು? ಕಾರ್ಮಿಕರ ಮಿತ್ರರೆನಿಸಿದ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರೇ 1937ರಲ್ಲಿ ಬರೆದ ಪತ್ರವೊಂದರಲ್ಲಿ, ಸಾಮೂಹಿಕ ಚೌಕಾಶಿಯನ್ನು ಸರ್ಕಾರಿ ಸೇವೆಗೆ ಇದ್ದಂತೆಯೇ ಅನ್ವಯಿಸಲಾಗದು ಎಂದಿದ್ದರು.

ಪರವಾಗಿರುವವರ ವಾದವೂ ಹಗುರವಲ್ಲ. ಸರ್ಕಾರದಲ್ಲಿ ದುಡಿಯುವವನಿಗೂ ಹೊಟ್ಟೆ ಒಂದೇ, ಸಂತೆಯ ಬೆಲೆಯೂ ಒಂದೇ. ಸರ್ಕಾರವು ಯಜಮಾನನೂ ಹೌದು, ಕಾನೂನು ಮಾಡುವವನೂ ಹೌದು. ಇಷ್ಟು ಬಲಿಷ್ಠನಾದ ಯಜಮಾನನ ಎದುರು ಒಂಟಿ ನೌಕರನು ಏನು ಮಾತಾಡಿಯಾನು? ಆದುದರಿಂದ ಸಂಘದ ಅವಶ್ಯಕತೆ ಇಲ್ಲಿ ಹೆಚ್ಚೇ ಹೊರತು ಕಡಿಮೆಯಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚರಿತ್ರೆಯಲ್ಲಿ ಈ ಎರಡು ವಾದಗಳೂ ಒಂದೊಂದು ಸಲ ಗೆದ್ದುದನ್ನು ಕಾಣಬಹುದು. ಸ್ಥಳೀಯ ಸಂಸ್ಥೆಗಳ ನೌಕರರಿಗೆ ಚೌಕಾಶಿಯ ಹಕ್ಕನ್ನು ಆ ದೇಶದಲ್ಲಿ ಮೊದಲು ಶಾಸನದಿಂದ ಕೊಟ್ಟುದು ಆ ರಾಜ್ಯವೇ, 1959ರಲ್ಲಿ. 2011ರಲ್ಲಿ ಅದೇ ರಾಜ್ಯವು, ಬಹುಮಟ್ಟಿನ ನೌಕರರು ಮೂಲವೇತನವೊಂದರ ಬಗ್ಗೆ ಮಾತ್ರ, ಅದೂ ಬೆಲೆಯೇರಿಕೆಯ ಮಿತಿಯೊಳಗೆ, ಚೌಕಾಶಿ ಮಾಡಬಹುದೆಂದು ಕಾಯಿದೆ ಮಾಡಿತು. ಪೊಲೀಸರನ್ನೂ ಅಗ್ನಿಶಾಮಕರನ್ನೂ ಇದರಿಂದ ಹೊರಗಿಟ್ಟಿತು. ಶಾಸನದಿಂದ ಬಂದ ಹಕ್ಕು ಶಾಸನದಿಂದಲೇ ಹೋಗಬಹುದೆಂಬುದಕ್ಕೆ ಇದು ನಿದರ್ಶನ.

ಇನ್ನು ನಮ್ಮ ದೇಶದ ವಿಷಯ. ಸಂವಿಧಾನದ 19ನೆಯ ವಿಧಿಯು ಸಂಘ ಕಟ್ಟುವ ಹಕ್ಕನ್ನು ಎಲ್ಲ ಪೌರರಿಗೂ ಕೊಟ್ಟಿದೆ. ಆದರೆ ಈ ಹಕ್ಕಿನಲ್ಲಿ ಪರಿಣಾಮಕಾರಿಯಾದ ಸಾಮೂಹಿಕ ಚೌಕಾಶಿಯ ಹಕ್ಕಾಗಲಿ, ಮುಷ್ಕರದ ಹಕ್ಕಾಗಲಿ ಅಡಗಿಲ್ಲವೆಂದು ಸುಪ್ರೀಂ ಕೋರ್ಟು ಬ್ಯಾಂಕ್ ನೌಕರರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 2003ರಲ್ಲಿ ತಮಿಳುನಾಡಿನ ಸರ್ಕಾರಿ ನೌಕರರು ಮುಷ್ಕರ ಹೂಡಿದಾಗ ಅಲ್ಲಿನ ಸರ್ಕಾರವು ಸುಮಾರು 1.7 ಲಕ್ಷ ಜನರನ್ನು ಕೆಲಸದಿಂದ ವಜಾ ಮಾಡಿತು. ರಂಗರಾಜನ್ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ, ಶಾಸನಬದ್ಧ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ವಜಾ ಆದವರಲ್ಲಿ ಬಹುಪಾಲು ಜನರನ್ನು ಮತ್ತೆ ಸೇರಿಸಿಕೊಳ್ಳಲಾಯಿತು. ಆದರೆ ತೀರ್ಪು ಉಳಿಯಿತು. ಅಂದರೆ ನಮ್ಮ ನೌಕರನಿಗೆ ಸಂಘ ಕಟ್ಟುವ ಬಾಗಿಲು ತೆರೆದಿದೆ. ಒಳಗೆ ಹೋದ ಮೇಲೆ ಮಾತಾಡಲು ಮೇಜು ಇದ್ದೇ ಇರುವುದೆಂಬ ಭರವಸೆ ಇಲ್ಲ.

ಮೇಜಿಲ್ಲದ ಕಡೆ ಏನಾಗುವುದೆಂಬುದನ್ನು ನಮ್ಮ ರಾಜ್ಯದಲ್ಲಿಯೇ ನೋಡೋಣ. ಸಾರಿಗೆ ನೌಕರರು ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂದು 2020ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿ, ಭರವಸೆಗಳ ಮೇಲೆ ಕೆಲಸಕ್ಕೆ ಮರಳಿದರು. ಆರನೆಯ ವೇತನ ಆಯೋಗದ ಸಂಬಳ ಬೇಕೆಂದು ಮರು ಏಪ್ರಿಲಿನಲ್ಲಿ ಪುನಃ ಬಸ್ಸು ನಿಲ್ಲಿಸಿದರು. ಅನೇಕರು ಅಮಾನತು, ವರ್ಗಾವಣೆ, ವಜಾಗಳಿಗೆ ಗುರಿಯಾದರು. ಹೈಕೋರ್ಟು ಮಧ್ಯೆ ಪ್ರವೇಶಿಸಿದ ಮೇಲೆ ಏಪ್ರಿಲ್ 21ರಂದು ಮುಷ್ಕರ ಮುಗಿಯಿತು. ಇದಕ್ಕೆ ಪ್ರತಿಯಾಗಿ 2023ನೆಯ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರು ಮುಷ್ಕರಕ್ಕಿಳಿದರು. ಅಂದೇ ಸರ್ಕಾರವು ಮೂಲವೇತನದ ಶೇಕಡಾ 17ರಷ್ಟು ಮಧ್ಯಂತರ ಪರಿಹಾರವನ್ನು ಕೊಡಲೊಪ್ಪಿತು. ಅಂದೇ ಮುಷ್ಕರ ನಿಂತಿತು. ವಿಧಾನಸಭೆಯ ಚುನಾವಣೆ ಸಮೀಪಿಸಿದ್ದ ಕಾಲವದು. ಅದೇ ತಿಂಗಳಿನಲ್ಲಿ ಸಾರಿಗೆ ನೌಕರರಿಗೂ ಶೇಕಡಾ 15ರ ಹೆಚ್ಚಳ ದೊರೆಯಿತು. ಆದರೂ 38 ತಿಂಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ಅವರು ಮತ್ತೊಮ್ಮೆ ಬಸ್ಸು ನಿಲ್ಲಿಸಿದರು. ಹೈಕೋರ್ಟಿನ ತಡೆಯ ನಂತರ ಅದೂ ನಿಂತಿತು. ಮಾತಿನಿಂದ ಸಿಗದುದು ಬಸ್ಸು ನಿಲ್ಲಿಸಿದರೆ ಸಿಕ್ಕೀತು, ಚುನಾವಣೆ ಬಂದರೆ ಬೇಗ ಸಿಕ್ಕೀತು ಎಂಬ ಪಾಠವನ್ನು ನೌಕರರು ಕಲಿತರೆ ಆ ತಪ್ಪು ಅವರೊಬ್ಬರದೇ ಎನ್ನಲಾಗದು.

ಬೇರೆ ದಾರಿಯೇ ಇಲ್ಲವೆ? ಉಂಟು. ನೆರೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ ಒಡೆತನದ್ದು. ಅಲ್ಲಿನ ಕಾರ್ಮಿಕರು ಮತ ಹಾಕಿ ತಮ್ಮ ಸಂಘವನ್ನು ಆರಿಸುತ್ತಾರೆ. ಆರಿಸಿಬಂದ ಸಂಘವು ಅವರ ಪರವಾಗಿ ಆಡಳಿತದೊಡನೆ ಮಾತಾಡುತ್ತದೆ. ಇನ್ನೊಂದು ಉದಾಹರಣೆ ಕೇಂದ್ರ ಸರ್ಕಾರದ್ದು. 1960ರ ಜುಲೈಯಲ್ಲಿ ಕೇಂದ್ರ ನೌಕರರು ಐದು ದಿನ ಮುಷ್ಕರ ಹೂಡಿ ಸೋತರು. ಆದರೆ 1966ರಲ್ಲಿ, ಬ್ರಿಟನ್ನಿನ ವಿಟ್ಲಿ ಮಂಡಲಿಗಳ ಮಾದರಿಯ ಮೇಲೆ, ಜಂಟಿ ಸಮಾಲೋಚನಾ ವ್ಯವಸ್ಥೆಯೊಂದು ಬಂತು. ಸಂಬಳ ಮತ್ತು ಭತ್ಯೆ, ವಾರದ ಕೆಲಸದ ಗಂಟೆಗಳು, ರಜೆ ಈ ಮೂರು ವಿಷಯಗಳಲ್ಲಿ ಒಮ್ಮತ ಬಾರದಿದ್ದರೆ ಅದನ್ನು ಕಡ್ಡಾಯ ಪಂಚಾಯಿತಿಗೆ ಒಪ್ಪಿಸಬಹುದು. ಪಂಚರ ತೀರ್ಪನ್ನು ಬದಲಿಸುವ ಅಧಿಕಾರ ಪಾರ್ಲಿಮೆಂಟಿಗೆ ಉಳಿದಿದೆ. ಹೀಗೆ ತೆರಿಗೆಯ ಹಣದ ಮೇಲಿನ ಪ್ರಜೆಗಳ ಹಿಡಿತವೂ ತಪ್ಪಲಿಲ್ಲ, ನೌಕರನ ಮಾತೂ ಗಾಳಿಗೆ ಹೋಗಲಿಲ್ಲ.

2025ನೆಯ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಶೇಕಡಾ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವನ್ನು ಏಕೈಕ ಸಂಧಾನ ಸಂಘವೆಂದು ಮಾನ್ಯ ಮಾಡುತ್ತದೆ. ಜೊತೆಗೇ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆಯನ್ನು ಕಡ್ಡಾಯ ಮಾಡಿ, ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಜನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕುವುದನ್ನೂ ಮುಷ್ಕರವೆಂದೇ ಎಣಿಸುತ್ತದೆ. ಒಂದು ಕೈಯಿಂದ ಮೇಜು ಕೊಟ್ಟು ಇನ್ನೊಂದು ಕೈಯಿಂದ ಆಯುಧವನ್ನು ಬಿಗಿಗೊಳಿಸಿದ ಶಾಸನವಿದು. ಕಛೇರಿಯ ಸರ್ಕಾರಿ ನೌಕರರಿಗೆ ಇದು ಅನ್ವಯಿಸುವುದಿಲ್ಲ.

ಇವೆರಡು ವರ್ಗಗಳಿಗೂ ಪೂರ್ತಿ ಸೇರದವರ ಗತಿ ಇನ್ನೂ ಕಠಿಣ. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯವರಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಮಾನಿಸಿದುದು ನಮ್ಮ ಕರ್ನಾಟಕದ ಅಮೀರ್‌ಬಿ ಮೊಕದ್ದಮೆಯಲ್ಲಿಯೇ. ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಆಶಾ ಕಾರ್ಯಕರ್ತೆಯರೂ ಅದೇ ಸಾಲಿನವರು. 2023ರ ಕೊನೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಹಿಷ್ಕರಿಸಿದುದು ನಮ್ಮ ವಾಚಕರ ನೆನಪಿನಲ್ಲಿರಬಹುದು. ನಾವು, ಇಂದು ಈ ಬೆಂಚುಗಳ ಮೇಲೆ ಕುಳಿತು ಸರ್ಕಾರಿ ನೌಕರಿಯ ಕನಸು ಕಾಣುವವರು, ನಾಳೆ ಈ ಸಾಲುಗಳಲ್ಲಿ ಯಾವುದರಲ್ಲಿ ನಿಲ್ಲುವೆವೋ ಯಾರು ಬಲ್ಲರು? ಹೀಗಿರುವಲ್ಲಿ ಇದು ಪರೀಕ್ಷೆಗಾಗಿ ಮಾತ್ರ ಓದತಕ್ಕ ವಿಷಯವಲ್ಲ.

ಸೇವೆ ಅತ್ಯವಶ್ಯಕವೆಂದು ಮುಷ್ಕರವನ್ನು ತಡೆಯುವುದು ಕೆಲವೆಡೆ ನ್ಯಾಯವೇ ಇರಬಹುದು. ಆದರೆ ಒಂದನ್ನು ಕಿತ್ತುಕೊಂಡವರು ಅದರ ಬದಲಿಗೆ ಮತ್ತೊಂದನ್ನು ಕೊಡಬೇಕು: ಗೊತ್ತಾದ ಅವಧಿಯೊಳಗೆ ಮಾತುಕತೆ, ಅದು ಮುರಿದರೆ ನಿಷ್ಪಕ್ಷಪಾತವಾದ ಪಂಚಾಯಿತಿ. ಇಷ್ಟನ್ನು ಕೊಡದೆ ಮುಷ್ಕರವನ್ನು ಮಾತ್ರ ನಿಷೇಧಿಸುವುದು ಬಾಯಿ ಕಟ್ಟಿ ಊಟ ಬಡಿಸಿದಂತೆ.

ಮೊನ್ನೆ ರಜೆಯಲ್ಲಿ ಇದನ್ನೆಲ್ಲ ನಮ್ಮ ತಂದೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಿಮ್ಮವ್ವ ಗದ್ದೆಯ ಬದುವಿನ ಮೇಲೆ ನಿಂತು ಮಾಡುವುದನ್ನೇ ಅವರೂ ಕೇಳುತ್ತಿದ್ದಾರೆ, ಅಷ್ಟೇ ತಾನೆ?" ಎಂದರು. ಅಷ್ಟೇ. ನಾಟಿಯ ಹೆಂಗಸರು ಮಾತು ಮುಗಿಸಿ ಗದ್ದೆಗೆ ಇಳಿಯುತ್ತಾರೆ. ಆದುದರಿಂದಲೇ ನಾಟಿ ನಡುವೆ ನಿಲ್ಲುವುದಿಲ್ಲ. ಸರ್ಕಾರವೂ ಕಾಲಕ್ಕೆ ಸರಿಯಾಗಿ ಮಾತು ಮುಗಿಸುವುದಾದರೆ ಬಸ್ಸೂ ನಿಲ್ಲದು, ದಿನಗೂಲಿಯವರ ದಿನವೂ ಕೆಡದು.

— ಅಂತಿಮ ಬಿ.ಎ. ವಿದ್ಯಾರ್ಥಿ, ಆರ್.ಎಚ್. ಕ್ಯಾಂಪ್