ಒಡವೆ ಕರಗಿದರೂ ಬಂಗಾರ ಉಳಿಯುತ್ತದೆ

ಮದುವೆ ನಿಶ್ಚಯವಾದ ಮನೆಯಲ್ಲಿ ಅಜ್ಜಿಯ ಹಳೆಯ ಸರ ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸುವುದುಂಟು. ಸರ ಹೋಯಿತೆಂದು ಅಜ್ಜಿಗೆ ಸಂಕಟ, ಬಳೆ ಬಂತೆಂದು ಮೊಮ್ಮಗಳಿಗೆ ಸಂತೋಷ. ಅಕ್ಕಸಾಲಿಗನ ಕಣ್ಣು ಮಾತ್ರ ತೂಕದ ಮೇಲೆ. ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇಂಥದೇ ದೃಷ್ಟಾಂತ ಕೊಟ್ಟಿದ್ದಾರೆ. ಬಂಗಾರದ ಕೊಡ ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನು ದುಃಖಪಡುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಬಂಗಾರವೇ ಬೇಕಿದ್ದವನು ಸಮಭಾವದಲ್ಲಿರುತ್ತಾನೆ.

ದಿಗಂಬರ, ಶ್ವೇತಾಂಬರ ಎರಡೂ ಸಂಪ್ರದಾಯಗಳಿಗೆ ಮಾನ್ಯವಾದ ‘ತತ್ತ್ವಾರ್ಥಸೂತ್ರ’ದ 5ನೇ ಅಧ್ಯಾಯ ಇದನ್ನೇ ಸಿದ್ಧಾಂತವಾಗಿ ಹೇಳುತ್ತದೆ. ಇರುವ ಪ್ರತಿಯೊಂದು ವಸ್ತುವಿನಲ್ಲೂ ಮೂರು ಲಕ್ಷಣಗಳು ಒಟ್ಟಿಗೇ ಇರುತ್ತವೆ. ಹೊಸ ರೂಪ ಹುಟ್ಟುವುದು ಉತ್ಪಾದ, ಹಳೆಯ ರೂಪ ಅಳಿಯುವುದು ವ್ಯಯ, ಮೂಲದ್ರವ್ಯ ಉಳಿಯುವುದು ಧ್ರೌವ್ಯ. ಬದಲಾಗುವ ರೂಪಕ್ಕೆ ಪರ್ಯಾಯ ಎಂದು ಹೆಸರು. ಹಾಗಾಗಿ ಶಾಶ್ವತವನ್ನು ಕಾಣಲು ದೂರ ಹೋಗಬೇಕಿಲ್ಲ. ರಾಯಚೂರು ಜಿಲ್ಲೆಯ ಮೂರು ಊರುಗಳೇ ಸಾಕು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ನೆಲದಾಳದಿಂದ ಮೇಲೆ ಬರುವುದು ಬರೀ ಕಲ್ಲು. ಅದನ್ನು ಪುಡಿ ಮಾಡಿ ಶೋಧಿಸಿದಾಗ ಬಂಗಾರ ಸಿಗುತ್ತದೆ. ಅದು ಹೊಸದಾಗಿ ಹುಟ್ಟಿದ್ದಲ್ಲ, ಕಲ್ಲಿನಲ್ಲೇ ಬೆರೆತಿತ್ತು. ಜೀವ ಮತ್ತು ಕರ್ಮದ ಸಂಬಂಧಕ್ಕೆ ಶಾಸ್ತ್ರಕಾರರು ಕೊಡುವ ಉಪಮೆಯೂ ಇದೇ. ತಪಸ್ಸಿನಿಂದ ಕರ್ಮ ಕಳಚಿದಂತೆ ಜೀವದ ಶುದ್ಧ ಸ್ವರೂಪ ಪ್ರಕಟವಾಗುತ್ತದೆ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಈ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇರುವುದರಿಂದ, ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತು. ಸಾಮ್ರಾಜ್ಯ ಅಳಿದು 2,000 ವರ್ಷ ಮೀರಿದರೂ ಅಕ್ಷರ ಉಳಿದಿದೆ. ಆದರೆ ಬಹುಕಾಲ ಬಾಳುವುದೇ ಶಾಶ್ವತವಲ್ಲ. ಬಂಡೆಯೂ ಸವೆಯುತ್ತದೆ, ಅದೂ ಪುದ್ಗಲದ ಒಂದು ಪರ್ಯಾಯವೇ. ಬಂಗಾರವೂ ಸೂಕ್ಷ್ಮವಾಗಿ ನೋಡಿದರೆ ಹಾಗೆಯೇ.

ಸಿಂಧನೂರಿನ ಭತ್ತದ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ರೈತರಿಗೂ ವ್ಯಾಪಾರಸ್ಥರಿಗೂ ಎದೆ ಒಡೆದಂತಾಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂತಿತು, ಮುಂದೆ ಮಳೆಯೂ ಬಂದು ಜಲಾಶಯ ತುಂಬಿತು. ಅಂದು ನಿದ್ದೆಗೆಟ್ಟವನೂ ನಂತರ ನೆಮ್ಮದಿಯ ಉಸಿರು ಬಿಟ್ಟವನೂ ಒಬ್ಬನೇ. ಭಯ ಬಂತು, ಹೋಯಿತು. ಎರಡನ್ನೂ ಅರಿತ ಜೀವ ಉಳಿಯಿತು. ಧ್ರೌವ್ಯದ ಅತ್ಯಂತ ಹತ್ತಿರದ ಗುರುತು ಇದು.

ಇದರರ್ಥ ಅಜ್ಜಿ ಅಳಬಾರದು, ರೈತ ಚಿಂತಿಸಬಾರದು ಎಂದಲ್ಲ. ದುಃಖವೂ ಒಂದು ಪರ್ಯಾಯ, ಅದೇ ತಾನಲ್ಲ ಎಂದು ತಿಳಿದವನು ನಷ್ಟದ ದಿನ ಕುಸಿಯುವುದಿಲ್ಲ, ಲಾಭದ ದಿನ ಮೆರೆಯುವುದಿಲ್ಲ. ತನ್ನಲ್ಲಿರುವ ಇದೇ ಜೀವತತ್ತ್ವ ದೀಪಕ್ಕೆ ಮುತ್ತುವ ಹುಳದಲ್ಲೂ ಇದೆ ಎಂದು ಅರಿತವನಿಗೆ ಅಹಿಂಸೆ ಭಾರವೆನಿಸುವುದಿಲ್ಲ.

12 ಭಾವನೆಗಳಲ್ಲಿ ಅನಿತ್ಯ ಭಾವನೆಯನ್ನು ಮೊದಲಿಗೆ ಇಟ್ಟಿರುವುದು ಇದಕ್ಕಾಗಿಯೇ. 48 ನಿಮಿಷದ ಸಾಮಾಯಿಕದಲ್ಲಿ ಸ್ವಲ್ಪ ಹೊತ್ತು ಆ ದಿನ ಏನು ಬಂತು, ಏನು ಹೋಯಿತು, ಎರಡನ್ನೂ ನೋಡಿದವರು ಯಾರು ಎಂದು ಕೇಳಿಕೊಳ್ಳಬಹುದು. ಮನೆಯ ಮಕ್ಕಳಿಗೆ ಹೇಳಿಕೊಡಲು ಅಜ್ಜಿಯ ಸರದ ಕತೆಯೇ ಸಾಕು.