ಹಂಚಿನ ಸೂರಿನಡಿಯ ದೈವಶಾಸ್ತ್ರ

ಬಾಸೆಲ್ ಮಿಶನ್ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುವು ಪುಸ್ತಕ-ಪತ್ರಿಕೆಗಳು: 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು. ಕನ್ನಡ ಪಾಠ ಹೇಳಿ ಬದುಕುವ ನನಗಂತೂ ಈ ಋಣ ದೊಡ್ಡದು. ಆದರೂ ಆ ಪಾದ್ರಿಗಳ ದೈವಶಾಸ್ತ್ರಕ್ಕೆ ನಿಜವಾದ ಪರೀಕ್ಷೆ ಒದಗಿದುದು ಮಗ್ಗದ ಮನೆಯಲ್ಲಿ, ಹಂಚಿನ ಆವಿಗೆಯ ಬಳಿಯಲ್ಲಿ ಎಂದೇ ನನ್ನ ಅಭಿಪ್ರಾಯ.

ಈ ಮಿಶನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಅವರಲ್ಲಿ ಹಲವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮಕ್ಕಳು. ಪ್ರಾರ್ಥನೆ ಬೇರೆ, ದುಡಿಮೆ ಬೇರೆ ಎಂಬ ಭೇದವನ್ನು ಅವರ ಭಕ್ತಿಪಂಥ ಒಪ್ಪದು. ಜರ್ಮನ್ ಭಾಷೆಯಲ್ಲಿ ಕಸುಬಿಗಿರುವ ‘ಬೆರೂಫ್’ ಎಂಬ ಶಬ್ದದೊಳಗೆ ‘ಕರೆ’ ಎಂಬ ಅರ್ಥದ ಧಾತು ಅಡಗಿದೆ. ಚಮ್ಮಾರನ ದುಡಿಮೆಯೂ ದೇವರ ಕರೆಯೇ ಎಂಬುದು ಲೂಥರನ ಬೋಧೆಯ ತಿರುಳುಗಳಲ್ಲೊಂದು. ಶರಣರ ಕಾಯಕವನ್ನು ಬಲ್ಲ ನಮಗೆ ಈ ಮಾತು ಪರಕೀಯವೆನಿಸದು. ಎರಡೂ ಒಂದೇ ಎಂದು ಅವಸರದಿಂದ ಸಾರುವವರೊಡನೆ ಮಾತ್ರ ನಾನು ಸೇರಲಾರೆ.

ತುಳುನಾಡಿನಲ್ಲಿ ಈ ತತ್ತ್ವಕ್ಕೆ ಎದುರಾದ ಸಂಕಟವೇ ಬೇರೆ. ಕ್ರೈಸ್ತನಾದವನಿಗೆ ಮನೆ, ಕುಟುಂಬದ ಆಸರೆ, ಜಾತಿಯ ಕಸುಬು ಒಮ್ಮೆಗೇ ಕೈತಪ್ಪುತ್ತಿದ್ದುವು. ಬಿಲ್ಲವರು ಕಳ್ಳು ಇಳಿಸುವ ಕಸುಬನ್ನಂತೂ ಮಿಶನ್ನೇ ಮೆಚ್ಚುತ್ತಿರಲಿಲ್ಲ. ಅಂದಂದಿನ ಅನ್ನಕ್ಕಾಗಿ ಪ್ರಾರ್ಥಿಸಲು ಭಾನುವಾರ ಕಲಿಸಿದವರು, ಆ ಅನ್ನ ಸೋಮವಾರ ಎಲ್ಲಿಂದ ಬರಬೇಕೆಂಬುದಕ್ಕೂ ಉತ್ತರ ಹೇಳಬೇಕಾಯಿತು.

1851ರಲ್ಲಿ ಹಾಲರ್ ಎಂಬ ನೇಯ್ಗೆಯ ಕುಶಲಿ ಬಂದು ಮಗ್ಗಗಳನ್ನು ಹೂಡಿದನು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದನು. ಜೇಡಿಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ಆರಿಸಿ, ಸುಟ್ಟರೆ ಹಂಚು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಹೊಂದಿ ಕೂರುವುದರಿಂದ ಕರಾವಳಿಯ ಮಳೆಯನ್ನೂ ಸೂರು ತಾಳುತ್ತದೆ. ಹಳೆಯ ಹಂಚುಗಳ ಮೇಲೆ ಕಾಣುವ 1865 ಎಂಬ ಅಂಕಿ ಕಾರ್ಖಾನೆ ಹುಟ್ಟಿದ ವರ್ಷ, ಮನೆಯ ವಯಸ್ಸಲ್ಲ. ಮನೆಯೊಡೆಯರಿಗೆ ಈ ಮಾತು ರುಚಿಸುವುದಿಲ್ಲವೆಂಬುದನ್ನು ಬಲ್ಲೆ!

ಅನ್ನದ ಪ್ರಶ್ನೆ ಹೀಗೆ ಬಗೆಹರಿಯಿತು. ಆತ್ಮದ ಪ್ರಶ್ನೆ ತೊಡಕಾಯಿತು. ಜನ ಬರುತ್ತಿರುವುದು ಕ್ರಿಸ್ತನಿಗಾಗಿಯೋ ಕೂಲಿಗಾಗಿಯೋ ಎಂಬ ಶಂಕೆ ಮಿಶನ್ನಿನೊಳಗೇ ತಲೆದೋರಿತು. ವ್ಯಾಪಾರಕ್ಕೆಂದು 1859ರಲ್ಲಿ ಬಾಸೆಲಿನಲ್ಲಿ ಪ್ರತ್ಯೇಕ ಕಂಪನಿಯೊಂದು ಏರ್ಪಟ್ಟಿತು. ಆದರೆ ಲೆಕ್ಕದ ಪುಸ್ತಕ ಬೇರೆಯಾದ ಮಾತ್ರಕ್ಕೆ ಕೆಲಸಗಾರನ ಮನಸ್ಸಿನಲ್ಲಿ ಪಾದ್ರಿಯೂ ಯಜಮಾನನೂ ಬೇರೆಯಾದಾರೆ? ತನ್ನ ಪಾಪವನ್ನು ಯಾರ ಮುಂದೆ ತೋಡಿಕೊಳ್ಳಬೇಕೋ ಅವರ ಕಡೆಯವರ ಕೈಯಲ್ಲೇ ತನ್ನ ಕೂಲಿಯೂ ಇದ್ದರೆ, ಬಡವನಿಗೆ ನಿಜ ನುಡಿಯುವುದು ಸುಲಭವಲ್ಲ. ಪರೋಪಕಾರದ ಈ ಭಾರವನ್ನು ಚರಿತ್ರಕಾರರು ಹಗುರವಾಗಿ ಕಂಡಿದ್ದಾರೆಂದು ನನಗನ್ನಿಸುತ್ತದೆ. ಹಾಗೆಂದು, ಹಸಿದವನಿಗೆ ಬರಿಯ ಉಪದೇಶವನ್ನಿತ್ತು ಕೈ ತೊಳೆದುಕೊಳ್ಳುವ ಶುದ್ಧ ಧರ್ಮವನ್ನು ಇದಕ್ಕಿಂತ ಮೇಲೆಂದೂ ನಾನು ಹೇಳಲಾರೆ.

ಈ ಗಂಟನ್ನು ಸಡಿಲಿಸಿದುದು ಯಾವ ವಾದವೂ ಅಲ್ಲ, ಯುದ್ಧ. 1914ರಲ್ಲಿ ಜರ್ಮನರು ಶತ್ರುಗಳೆನಿಸಿದರು. ಕಾರ್ಖಾನೆಗಳು ಅವರ ಕೈಬಿಟ್ಟು, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದುವು. ಕೂಲಿ ಕೊಡುವವನು ಬೇರೆ, ಪ್ರಸಂಗ ಹೇಳುವವನು ಬೇರೆಯಾದನು. ಆದರೂ ಸಭೆ ಚದರಲಿಲ್ಲ. ಮಿಶನ್ನಿನ ಕಾಲದ ಬಲ್ಮಠದ ಶಾಂತಿ ದೇವಾಲಯದಲ್ಲಿ ಇಂದಿಗೂ ಭಾನುವಾರದ ಆರಾಧನೆ ನಡೆಯುತ್ತಿದೆ.